ಒಂದು ಪಾಸಿಟಿವ್ ಸಿಕ್ಕಿತೆಂದು ಎರಡನೆಯದನ್ನು ಹುಡುಕದೆ ಬಿಟ್ಟಾಗ

2021ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜ್ವರಕ್ಕೆ ಎರಡು ಸಾಲುಗಳಿದ್ದವು. ಕೆಮ್ಮು, ಗಂಟಲುನೋವು ಇದ್ದವರು ಫೀವರ್ ಕ್ಲಿನಿಕ್‌ಗೆ ಹೋಗಿ ಆರ್‌ಎಟಿ (ಕೋವಿಡ್‌ನ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ) ಮಾಡಿಸಿಕೊಳ್ಳುತ್ತಿದ್ದರು; ಮೈಕೈ ನೋವೆಂದವರಿಗೆ ಒಪಿಡಿಯಲ್ಲಿ ಡೆಂಗಿ ಪತ್ತೆಗೆ ಎನ್‌ಎಸ್1. ಎರಡನ್ನೂ ಒಬ್ಬರಿಗೇ ಬರೆಯಬೇಕೆಂದು ನನಗೆ ತೋಚಿರಲಿಲ್ಲ.

ನಾಲ್ಕು ದಿನದ ಜ್ವರವೆಂದು ಬಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರಿಗೆ ಆರ್‌ಎಟಿ ಪಾಸಿಟಿವ್ ಬಂದಿದ್ದರಿಂದ ಕೋವಿಡ್ ವಾರ್ಡಿಗೆ ದಾಖಲಿಸಿಕೊಂಡೆ. ಮರುದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. "ಹೊಟ್ಟೆ ತುಂಬಾ ನೋಯ್ತಿದೆ ಸಾರ್, ನೀರು ಕುಡಿದ್ರೂ ವಾಂತಿ ಆಗ್ತಿದೆ" ಎಂದು ಆಕೆ ಹೇಳಿದರೂ, ಮಾತ್ರೆಗಳ ಉಷ್ಣವಿರಬೇಕೆಂದುಕೊಂಡು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದು ಪಕ್ಕದ ಹಾಸಿಗೆಗೆ ಹೋದೆ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ರಕ್ತದ ನೀರಿನಂಶವಾದ ಪ್ಲಾಸ್ಮಾ ನಾಳಗಳಿಂದ ಸೋರುವ ಹೊತ್ತೆಂದು ಓದುವಾಗಿನಿಂದಲೂ ನನಗೆ ಗೊತ್ತಿತ್ತು. ಆದರೆ ಕೇಸ್‌ಶೀಟಿನ ಮೇಲೆ ಆಗಲೇ ಬೇರೆ ರೋಗದ ಹೆಸರಿತ್ತು.

ಸಂಜೆ ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಶೇ. 92ಕ್ಕೆ ಇಳಿಯಿತು. ಪ್ರೋಟೋಕಾಲ್ ಪ್ರಕಾರ ಆಕ್ಸಿಜನ್, ಡೆಕ್ಸಾ ಎಂಬ ಸ್ಟೀರಾಯ್ಡ್, ರಕ್ತ ತೆಳುವಾಗಿಸುವ ಎನಾಕ್ಸಪ್ಯಾರಿನ್ ಬರೆದು ಪಿಪಿಇ ಕಳಚುತ್ತಿದ್ದಾಗ ಸಿಸ್ಟರ್ ಸಿರಿಂಜ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು. "ಸರ್, ಬಿಪಿ ಕಫ್ ಕಟ್ಟಿದ ಜಾಗದಲ್ಲೆಲ್ಲ ಕೆಂಪು ಚುಕ್ಕೆ ಎದ್ದಿದೆ. ಇದನ್ನ ಕೊಡ್ಲಾ?"

ಬಿಪಿ 96/78 ಇತ್ತು, ಎರಡು ಅಂಕಿಗಳ ಅಂತರ ತೀರಾ ಕಿರಿದಾಗಿತ್ತು, ಅಂಗೈ ತಣ್ಣಗಿತ್ತು. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಪಿಸಿವಿ ದಾಖಲಾದಾಗ 38 ಇದ್ದದ್ದು 46 ಆಗಿತ್ತು, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ 41 ಸಾವಿರಕ್ಕೆ ಬಂದಿತ್ತು, ಎನ್‌ಎಸ್1 ಪಾಸಿಟಿವ್. ಬಲ ಎದೆಯ ಬುಡದಲ್ಲಿ ಉಸಿರಿನ ಸದ್ದೇ ಇರಲಿಲ್ಲ, ಅಂದರೆ ನಾನು ಕೋವಿಡ್ ನ್ಯುಮೋನಿಯಾ ಎಂದು ತಿಳಿದದ್ದು ಬಹುಪಾಲು ಅಲ್ಲಿ ಸೋರಿ ನಿಂತ ನೀರಾಗಿತ್ತು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಇನ್ನೆರಡು ನಿಮಿಷದಲ್ಲಿ ಒಳಗೆ ಹೋಗಿರುತ್ತಿತ್ತು.

ಕೋವಿಡ್ ಶ್ವಾಸಕೋಶಕ್ಕೆ ದ್ರವ ಮಿತವಾಗಿ ಕೊಡಬೇಕು, ಡೆಂಗಿ ಶಾಕಿಗೆ ತಡಮಾಡದೆ ಕೊಡಬೇಕು. ಎರಡೂ ಒಂದೇ ದೇಹದಲ್ಲಿದ್ದಾಗ ಯಾವ ಸುತ್ತೋಲೆಯೂ ನೆರವಿಗೆ ಬರಲಿಲ್ಲ. ಆರ್‌ಎಲ್ ಡ್ರಿಪ್ ಸ್ವಲ್ಪ ಸ್ವಲ್ಪವೇ ಹರಿಸುತ್ತ, ಪ್ರತಿ ಸಲವೂ ನಾಡಿ, ಬಿಪಿ, ಮೂತ್ರ, ಉಸಿರು ನೋಡಿಕೊಂಡು, ಪಿಸಿವಿಗೆ ಮತ್ತೆ ಮತ್ತೆ ರಕ್ತ ಕಳುಹಿಸುತ್ತ ಆ ರಾತ್ರಿಯಿಡೀ ಸಿಸ್ಟರೂ ನಾನೂ ವಾರ್ಡಿನಲ್ಲೇ ಇದ್ದೆವು. ಬೆಳಗಿನ ಜಾವ ಅಂಗೈ ಬೆಚ್ಚಗಾಯಿತು. ಆರನೆಯ ದಿನ ಆಕೆ ನಡೆದುಕೊಂಡೇ ಮನೆಗೆ ಹೋದರು.

ಆಕೆಯ ಮನೆಗೆ ಹೋದ ಆರೋಗ್ಯ ನಿರೀಕ್ಷಕರು ಸ್ನಾನದ ಮನೆಯ ಡ್ರಮ್ಮಿನಲ್ಲೂ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲೂ ಲಾರ್ವಾ ಕಂಡರು. ಎರಡನೇ ಅಲೆ ಶುರುವಾದಾಗಿನಿಂದ ಲಾರ್ವಾ ಸಮೀಕ್ಷೆಗೆ ಆ ಮನೆಯೊಳಗೆ ಯಾರೂ ಕಾಲಿಟ್ಟಿರಲಿಲ್ಲ, ಏಕೆಂದರೆ ಆ ಸಮೀಕ್ಷೆ ಮಾಡುವ ಆಶಾ ಕಾರ್ಯಕರ್ತೆಯರನ್ನು ನಾವೇ ಕೋವಿಡ್ ಸಂಪರ್ಕಿತರ ಪಟ್ಟಿ ಮಾಡಲು ಹಚ್ಚಿದ್ದೆವು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನಾವು ಬಿಟ್ಟದ್ದು ತಿಂಗಳುಗಟ್ಟಲೆ. ಮೇಲಿನವರು ಎರಡು ಪೋರ್ಟಲ್‌ಗೆ ಎರಡು ವರದಿಗಳನ್ನು ಪ್ರತಿದಿನ ಕೇಳಿದರೇ ಹೊರತು ಒಬ್ಬರೇ ರೋಗಿ ಎರಡರಲ್ಲೂ ಇದ್ದಾರೆಯೇ ಎಂದು ಒಮ್ಮೆಯೂ ಕೇಳಲಿಲ್ಲ.

ಕಿಟ್‌ಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಸಿಂಗಪುರದಲ್ಲಿ ಇಬ್ಬರು ಕೋವಿಡ್ ರೋಗಿಗಳಿಗೆ ಡೆಂಗಿ ರ‍್ಯಾಪಿಡ್ ಕಿಟ್ ಸುಳ್ಳು ಪಾಸಿಟಿವ್ ತೋರಿಸಿತ್ತು. ಹೀಗಾಗಿ ಮಳೆಗಾಲದ ಜ್ವರಕ್ಕೆ ಈಗ ಯಾವ ಪಾಸಿಟಿವ್ ಬಂದರೂ ರಕ್ತಕಣಗಳ ಎಣಿಕೆಯ ಸಿಬಿಸಿ ದಿನವೂ ಹೋಗುತ್ತದೆ, ಹೊಟ್ಟೆನೋವೆಂದರೆ ಬಿಪಿಯ ಎರಡೂ ಅಂಕಿಗಳನ್ನು ನಾನೇ ನೋಡುತ್ತೇನೆ. ಎರಡೂ ಪರೀಕ್ಷೆಗೆ ಒಂದೇ ಫಾರಂ ಬೇಕೆಂದು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಸಿಸ್ಟರ್ ಮಾತ್ರ ಅಂದಿನಿಂದ ಎರಡು ಫಾರಂಗಳನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿ ಲ್ಯಾಬಿಗೆ ಕಳುಹಿಸುತ್ತಿದ್ದಾರೆ.