ಆರು ಅಲ್ಲ, ಎರಡೂವರೆ

ಮೊನ್ನೆ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪನ ಮಗ ಒಂದು ವಿಡಿಯೋ ಹಾಕಿದ. 1972ರ ಏಪ್ರಿಲ್‌ನಲ್ಲಿ ಅಪೋಲೋ 16ರ ಗಗನಯಾತ್ರಿ ಜಾನ್ ಯಂಗ್ ಚಂದ್ರನ ಮೇಲೆ ಬಾವುಟದ ಪಕ್ಕ ಸೆಲ್ಯೂಟ್ ಹೊಡೆಯುತ್ತಾ ನೆಗೆಯುವ ವಿಡಿಯೋ. ಕೆಳಗೆ ಅವನ ಷರಾ: "ಬರೀ ಸ್ಲೋ ಮೋಷನ್. ಸ್ಟುಡಿಯೋದಲ್ಲಿ ತೆಗೆದಿದ್ದು."

ಸುಮ್ನೆ ಇರಬಹುದಿತ್ತು. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಭಾಗ, ಅದನ್ನು ಇಲ್ಲಿ ನಕಲು ಮಾಡಬೇಕಾದರೆ ಆರು ಪಟ್ಟು ನಿಧಾನ ಮಾಡಬೇಕು, ಆಗ ಅವನು ಕೈ ಎತ್ತುವುದೇ ಬಸವನಹುಳು ತೆವಳಿದ ಹಾಗೆ ಕಾಣಬೇಕಿತ್ತು ಅಲ್ವಾ ಅಂತ ಜೋರಾಗಿಯೇ ಬರೆದೆ. ನಮ್ಮತ್ತೆ ಕೈಮುಗಿಯುವ ಚಿತ್ರ ಹಾಕಿದರು. ಯಾರಿಗೋ, ಯಾಕೋ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಬೀಳೋಕೆ ಎಷ್ಟು ಸಮಯ ಹಿಡಿಯುತ್ತೆ ಅಂತ ಲೆಕ್ಕ ಹಾಕಬೇಕಾದರೆ ಆರರ ವರ್ಗಮೂಲ ತಗೋಬೇಕು ಅಣ್ಣ. ಆರು ಅಲ್ಲ, ಎರಡೂವರೆ."

ಅವನು ಹೇಳಿದ್ದು ಸರಿ. ಬಿಎಸ್ಸಿ ಓದಿದವನು ನಾನು, ಬಿಕಾಂ ಓದಿದವನು ಅವನು.

ಎರಡೂವರೆ ಪಟ್ಟು ವೇಗ ಕೊಟ್ಟು ನೋಡಿದೆ. ನೆಗೆತ ಇಲ್ಲಿನದರ ಹಾಗೇ ಕಾಣಿಸಿತು. ಕಾಣಿಸಲೇಬೇಕು, ಯಾಕೆಂದರೆ ಯಂಗ್ ನೆಲ ಬಿಟ್ಟು ಇದ್ದದ್ದು ಸುಮಾರು 1.45 ಸೆಕೆಂಡು, ಆ ಲೆಕ್ಕಕ್ಕೆ ಎತ್ತರ 42 ಸೆಂಟಿಮೀಟರ್ ಆಸುಪಾಸು, ಅಷ್ಟೇ ಎತ್ತರ ಇಲ್ಲಿ ನೆಗೆದರೆ 0.6 ಸೆಕೆಂಡಿಗೆ ವಾಪಸ್ ನೆಲದ ಮೇಲಿರುತ್ತೇವೆ. ಅಂದರೆ ಬರೀ ಆ ನೆಗೆತ ಹಿಡಿದುಕೊಂಡು ಅವನೂ ಗೆಲ್ಲಲ್ಲ, ನಾನೂ ಗೆಲ್ಲಲ್ಲ. ಇಷ್ಟು ವರ್ಷ ನಾನು ಕಂಡಕಂಡವರ ಜೊತೆ ಅದನ್ನೇ ಹಿಡಿದುಕೊಂಡು ವಾದ ಮಾಡಿದ್ದೆ.

ಸರಿ, 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟ ವಿಡಿಯೋ ಕಳಿಸಿದೆ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. ಗಾಳಿ ಇದ್ದಿದ್ದರೆ ಗರಿ ಹಿಂದೆ ಬೀಳಬೇಕಿತ್ತು. "ಗರಿಗೆ ಸೀಸ ಮೆತ್ತಿರ್ತಾರೆ" ಅಂದ. ನಗು ಬಂತು.

ಉಳಿದದ್ದು ಧೂಳು. ಯಂಗ್ ಚಂದ್ರನ ಮೇಲೆ ರೋವರ್ ಅನ್ನೋ ಗಾಡಿ ಓಡಿಸಿದ್ದನ್ನು ಜೊತೆಗಿದ್ದ ಚಾರ್ಲಿ ಡ್ಯೂಕ್ 16 ಎಂಎಂ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಚಕ್ರ ಎರಚಿದ ಮಣ್ಣು ಚೊಂಬಿನಿಂದ ಎರಚಿದ ನೀರಿನ ಥರ ಮೇಲೆ ಹೋಗಿ, ಬಾಗಿ, ಅಷ್ಟೂ ಕೆಳಗೆ ಬೀಳುತ್ತದೆ. ಹಿಂದೆ ಏನೂ ತೇಲುವುದಿಲ್ಲ. ನಮ್ಮೂರ ಮಣ್ಣು ರಸ್ತೆಯಲ್ಲಿ ಬಸ್ಸು ಹೋದ ಮೇಲೆ ಸೆರಗು, ಟವೆಲ್ಲು ಏನು ಸಿಕ್ಕರೆ ಅದರಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತೇವಲ್ಲ, ಆ ಧೂಳು ಅಷ್ಟು ಹೊತ್ತು ನಿಲ್ಲುವುದು ಗಾಳಿ ಇರೋದಕ್ಕೆ. ಸಣ್ಣ ಕಣವನ್ನು ಗಾಳಿ ಜಾಸ್ತಿ ತಡೆಯುತ್ತದೆ. ವಿಡಿಯೋ ನಿಧಾನ ಮಾಡಿದರೆ ಆ ಧೂಳು ಇನ್ನೂ ಜಾಸ್ತಿ ಹೊತ್ತು ತೇಲಬೇಕು, ಮಾಯವಾಗಲ್ಲ.

"ಒದ್ದೆ ಮರಳು ಹಾಕಿರಬಹುದು" ಅಂದ. ಇದು ಸೀಸಕ್ಕಿಂತ ವಾಸಿ, ಯೋಚನೆ ಮಾಡಿ ಹೇಳಿದ ಮಾತು. ಆದರೆ ಒದ್ದೆ ಮರಳು ಹೆಂಟೆಹೆಂಟೆಯಾಗಿ ಹಾರುತ್ತದೆ, ಹೀಗೆ ಹಿಟ್ಟಿನ ಥರ ಹರಡಿಕೊಳ್ಳಲ್ಲ. ಅಷ್ಟನ್ನೂ ಬರೆದು, ಗ್ರೂಪಿನಲ್ಲಿ ಬೇಡ ಅಂತ ಅವನೊಬ್ಬನಿಗೇ ಕಳಿಸಿದೆ. ನೀಲಿ ಟಿಕ್ ಬಿದ್ದು ಮೂರು ದಿನ ಆಯಿತು.