ಗೆರೆಯ ಕೆಳಗಿನ ಸಂಖ್ಯೆ

ನವೆಂಬರ್ 12, 2025, ಬುಧವಾರ

ಇವತ್ತು ಹಿಡಿದದ್ದು ಒಂದೇ ಕೋಷ್ಟಕ. ಅಮೆರಿಕದಲ್ಲಿ 20ರಿಂದ 49ರ ವಯಸ್ಸಿನವರಲ್ಲಿ ವರ್ಷಕ್ಕೆ ಹೊಸದಾಗಿ ಪತ್ತೆಯಾಗುವ ಕ್ಯಾನ್ಸರ್ ಹಳ್ಳಿಗಾಡಿನ ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಎಷ್ಟು, ನಗರದ ಕೌಂಟಿಗಳಲ್ಲಿ ಎಷ್ಟು ಅನ್ನುವ ಲೆಕ್ಕ. ಹೇಳುವಾಗ ಸುಲಭ: ಗೆರೆಯ ಮೇಲೆ ರೋಗಿಗಳು, ಕೆಳಗೆ ಜನಸಂಖ್ಯೆ, ಬಂದದ್ದನ್ನು ಲಕ್ಷದಿಂದ ಗುಣಿಸಿದರೆ ಆಯಿತು. ಎಲ್ಲರ ಕಣ್ಣೂ ಮೇಲಿನ ಸಂಖ್ಯೆಯ ಮೇಲೆ. ಕೈಕೊಡುವುದು ಹೆಚ್ಚಾಗಿ ಕೆಳಗಿನದು.

ಮೊದಲ ತೊಡಕು, ಹಳ್ಳಿ ಯಾವುದು ಅನ್ನುವುದೇ. ಅಲ್ಲಿನ ಕೃಷಿ ಇಲಾಖೆ ಪ್ರತಿ ಕೌಂಟಿಗೂ 1ರಿಂದ 9ರವರೆಗೆ ಒಂದು ಸಂಕೇತ ಕೊಡುತ್ತದೆ. 1, 2, 3 ಅಂದರೆ ಮಹಾನಗರ ವಲಯ; 4ರಿಂದ 9 ಅದರ ಹೊರಗಿನವು. 9 ಬಿತ್ತೆಂದರೆ ಪಕ್ಕದಲ್ಲಿ ಮಹಾನಗರವೂ ಇಲ್ಲ, ಒಳಗೆ ಹೇಳಿಕೊಳ್ಳುವಂಥ ಪೇಟೆಯೂ ಇಲ್ಲ. 2013ರ ಪಟ್ಟಿಯಲ್ಲಿ 1,167 ಕೌಂಟಿಗಳು ಮಹಾನಗರದ ಲೆಕ್ಕಕ್ಕೆ, 1,976 ಹೊರಗೆ. ಮುಂದಿನ ಪಟ್ಟಿ 2023ರದು. ಅಷ್ಟು ಹೊತ್ತಿಗೆ ಜನಗಣತಿ ಕಚೇರಿ, ಒಂದು ಊರು ಪಟ್ಟಣ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಜನಸಂಖ್ಯೆಯನ್ನು 2,500ರಿಂದ 5,000ಕ್ಕೆ ಏರಿಸಿತ್ತು (2,000 ಮನೆಗಳಿದ್ದರೂ ನಡೆಯುತ್ತದೆ).

ಪ್ರತಿ ವರ್ಷಕ್ಕೂ ಆಯಾ ಕಾಲದ ಪಟ್ಟಿಯನ್ನೇ ಹಾಕಿದರೆ ನ್ಯಾಯವಾಗಿ ಕಾಣುತ್ತದೆ. ಆದರೆ ಇಪ್ಪತ್ತು ವರ್ಷದ ಏರಿಳಿತ ನೋಡುವಾಗ ಅದು ಮೋಸ. ಬೆಳೆದ ಕೌಂಟಿ ಮಹಾನಗರದ ಗುಂಪಿಗೆ ಜಿಗಿಯುತ್ತದೆ, ತನ್ನ ಹೊಸ ಆಸ್ಪತ್ರೆ, ವಿಮೆಯಿರುವ ಕೆಲಸಗಾರರು, ಹೊಸ ಬಡಾವಣೆಗಳ ಸಮೇತ. ಹಳ್ಳಿಯ ಗುಂಪಿನಲ್ಲಿ ಉಳಿಯುವುದು ಬೆಳೆಯದವು ಮಾತ್ರ. ಪಾಸಾದ ಮಕ್ಕಳನ್ನೆಲ್ಲ ಮುಂದಿನ ತರಗತಿಗೆ ಕಳಿಸಿ, ಈ ತರಗತಿಯ ಸರಾಸರಿ ಕುಸಿಯಿತು ಅಂದ ಹಾಗೆ. ಒಂದೇ ಪಟ್ಟಿ ಹಿಡಿದು ಎಲ್ಲ ವರ್ಷಕ್ಕೂ ಅದನ್ನೇ ಹಾಕಬೇಕು. ಇನ್ನೊಂದು ಪಟ್ಟಿಯಿಂದ ಮತ್ತೊಮ್ಮೆ ಓಡಿಸಿ ಉತ್ತರ ಬದಲಾಗುತ್ತದಾ ನೋಡಬೇಕು.

ಪಟ್ಟಿ ಸರಿಯಿದ್ದರೂ ಕೌಂಟಿ ಅನ್ನುವ ಅಳತೆಯೇ ಒರಟು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಒಂದೇ ಕೌಂಟಿ, ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಬಹುಪಾಲು ಮರುಭೂಮಿ, ಸಂಕೇತ ಮಾತ್ರ ಮಹಾನಗರದ್ದು. ಅರಿಜೋನಾದ ಕೊಕೊನಿನೊ ಕೂಡ ಫ್ಲ್ಯಾಗ್‌ಸ್ಟಾಫ್ ನಗರದ ದೆಸೆಯಿಂದ ಮಹಾನಗರ ಪಟ್ಟಿಯಲ್ಲಿದೆ. ಅದೇ ಕೌಂಟಿಯಲ್ಲಿ, ಗ್ರ್ಯಾಂಡ್ ಕ್ಯಾನಿಯನ್ ತಳದ ಸುಪಾಯ್ ಹಳ್ಳಿಗೆ ಟಪಾಲು ಇವತ್ತಿಗೂ ಹೇಸರಗತ್ತೆಯ ಮೇಲೆ ಇಳಿಯುತ್ತದೆ.

ಇನ್ನು ವಯಸ್ಸು. "20ರಿಂದ 49, ಎಲ್ಲ ಯುವಕರೇ, ಇದಕ್ಕೇಕೆ ವಯಸ್ಸಿನ ಹೊಂದಾಣಿಕೆ" ಅಂತ ಕೇಳುವವರಿದ್ದಾರೆ. ಈ ಮೂವತ್ತು ವರ್ಷಗಳೊಳಗೇ ಕ್ಯಾನ್ಸರ್ ಏಳೆಂಟು ಪಟ್ಟು ಏರುತ್ತದೆ. ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಐದೈದು ವರ್ಷದ ಆರು ಗುಂಪುಗಳಲ್ಲಿ ಲಕ್ಷಕ್ಕೆ ದರ ಕ್ರಮವಾಗಿ 45, 70, 110, 160, 240, 350 ಎಂದಿರಲಿ, ಹಳ್ಳಿಗೂ ನಗರಕ್ಕೂ ಒಂದೇ. ನಗರದಲ್ಲಿ ಈ ಗುಂಪುಗಳ ಪಾಲು ಶೇಕಡ 17, 19, 19, 17, 15, 13. ಹಳ್ಳಿಯಲ್ಲಿ ಓದು, ಕೆಲಸ ಅಂತ ಹುಡುಗರು ಹೊರಟುಹೋಗಿ 15, 14, 15, 17, 18, 21. ನೇರ ಭಾಗಿಸಿದರೆ ನಗರಕ್ಕೆ 150.6, ಹಳ್ಳಿಗೆ 177.0. ರೋಗದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲದೆಯೂ ಹಳ್ಳಿಯ ದರ ಶೇಕಡ 17ಕ್ಕಿಂತ ಹೆಚ್ಚು ಎದ್ದು ನಿಂತಿತು.

ಸರಿಪಡಿಸುವುದು ಹೀಗೆ. ಅಮೆರಿಕದ 2000ನೇ ಇಸವಿಯ ಮಾದರಿ ಜನಸಂಖ್ಯೆಯಲ್ಲಿ (ಎಲ್ಲ ಹೋಲಿಕೆಗೂ ಬಳಸುವ ಒಂದೇ ವಯಸ್ಸಿನ ಹಂಚಿಕೆ), ಹತ್ತು ಲಕ್ಷಕ್ಕೆ, ಈ ಆರು ಗುಂಪುಗಳು 66,478, 64,529, 71,044, 80,762, 81,851, 72,118. ಒಟ್ಟು 4,36,782. ಪ್ರತಿಯೊಂದನ್ನೂ ಈ ಒಟ್ಟಿನಿಂದ ಭಾಗಿಸಿದರೆ ತೂಕ ಬರುತ್ತದೆ: 0.1522, 0.1477, 0.1627, 0.1849, 0.1874, 0.1651. ಆಯಾ ಗುಂಪಿನ ದರವನ್ನು ಅದರ ತೂಕದಿಂದ ಗುಣಿಸಿ ಕೂಡಿದರೆ ಹಳ್ಳಿ, ನಗರ ಎರಡಕ್ಕೂ 167.4. ಇಲ್ಲಿ ಕಾಲು ಜಾರುವ ಜಾಗ ಒಂದಿದೆ: 4,36,782ರ ಬದಲು ಹತ್ತು ಲಕ್ಷದಿಂದಲೇ ಭಾಗಿಸಿಬಿಟ್ಟರೆ ದರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಎರಡೂ ಕಡೆ ಒಂದೇ ತಪ್ಪಾದ್ದರಿಂದ ಹಳ್ಳಿ-ನಗರದ ಅನುಪಾತ ಸರಿಯಾಗಿಯೇ ಇರುತ್ತದೆ, ಹಾಗಾಗಿ ಬೇಗ ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನ ಅಂಕಿಗಳ ಪಕ್ಕದಲ್ಲಿ ಇವನ್ನಿಟ್ಟು ಹೋಲಿಸುವವರಿಗೆ ಒಂದು ಮಾತು. ಅಲ್ಲಿನ ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ (ರೋಗಿಗಳ ದಾಖಲೆ) 1982ರಿಂದ ಇದೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಗ್ರಾಮೀಣ ನೋಂದಣಿ 1987ರಿಂದ. ಭಾರತದ ವರದಿಗಳು ಬಳಸುವುದು ಸೇಗಿ ಎಂಬ ಸಂಶೋಧಕರ ವಿಶ್ವ ಮಾದರಿ ಜನಸಂಖ್ಯೆ. ಅದರಲ್ಲಿ 20ರಿಂದ 49ರ ಆರು ಗುಂಪುಗಳ ತೂಕ, ನೂರಕ್ಕೆ, ಕ್ರಮವಾಗಿ 8, 8, 6, 6, 6, 6. ಮೇಲಿನ ಅದೇ ಜನ, ಅದೇ ರೋಗ, ಸೇಗಿ ತೂಕದಲ್ಲಿ 152.0 ಆಗುತ್ತದೆ. 167ಕ್ಕೂ 152ಕ್ಕೂ ನಡುವೆ ಸಾಗರವೂ ಇಲ್ಲ, ಆಹಾರ ಪದ್ಧತಿಯೂ ಇಲ್ಲ. ತೂಕದ ಕಲ್ಲು ಬೇರೆ, ಅಷ್ಟೆ.

ಊಟದ ನಂತರ ಸಣ್ಣ ಕೌಂಟಿಗಳು. 20ರಿಂದ 49ರವರು 4,000 ಮಂದಿ ಇರುವ ಒಂದು ಕೌಂಟಿ. ದೊಡ್ಡ ಕರುಳಿನ ಕ್ಯಾನ್ಸರ್ ಲಕ್ಷಕ್ಕೆ 15 ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಿರೀಕ್ಷೆ 0.6 ಪ್ರಕರಣ. ಒಂದು ವರ್ಷ ಸೊನ್ನೆ. ಮರುವರ್ಷ ಆಕಸ್ಮಿಕವಾಗಿ ಮೂರು ಬಂದರೆ ದರ 75, "ದೇಶದ ಐದು ಪಟ್ಟು" ಅಂತ ಸುದ್ದಿ. ಅದಕ್ಕೇ ಪ್ರಕಟಣೆಗಳಲ್ಲಿ 16ಕ್ಕಿಂತ ಕಡಿಮೆ ಪ್ರಕರಣಗಳಿದ್ದರೆ ಅಂಕಿ ಮುಚ್ಚಿಡುತ್ತಾರೆ. 16 ಎಲ್ಲಿಂದ ಬಂತು ಅಂದರೆ, ಎಣಿಕೆಯ ದೋಷ ಅದರ ವರ್ಗಮೂಲದಷ್ಟು. 16ಕ್ಕೆ 4, ಅಂದರೆ ಶೇಕಡ 25. ಆಗಲೂ ನಿಜವಾದ ಸಂಖ್ಯೆ 9ರಿಂದ 26ರ ನಡುವೆ ಎಲ್ಲಿಯಾದರೂ ಇರಬಹುದು. ಗುರುತು ಬಯಲಾಗದಿರುವುದು ಇನ್ನೊಂದು ಕಾರಣ. ಪುಟ್ಟ ಊರಿನಲ್ಲಿ ಮೂವತ್ತೆರಡರ ಒಬ್ಬಳೇ ಹೆಂಗಸು ಅಂದರೆ ಯಾರೆಂದು ಕೇಳಬೇಕಾಗಿಲ್ಲ. ಐದು ವರ್ಷ ಕೂಡಿಸಿಯೂ ಈ ರೋಗಕ್ಕೆ 16 ಮುಟ್ಟಬೇಕಾದರೆ ಕೌಂಟಿಯಲ್ಲಿ ಈ ವಯಸ್ಸಿನವರು ಸುಮಾರು 21,300 ಇರಬೇಕು. ಅಷ್ಟು ಜನ ಬಹುಪಾಲು ಹಳ್ಳಿ ಕೌಂಟಿಗಳಲ್ಲಿ ಇಲ್ಲ. ಕೌಂಟಿವಾರು ಬಣ್ಣದ ನಕ್ಷೆಯಲ್ಲಿ ಬೂದು ಬಣ್ಣವೇ ಹೆಚ್ಚಿದ್ದರೆ ಅದು ಆರೋಗ್ಯದ ಗುರುತಲ್ಲ.

ಹಾಗಾಗಿ ಕೌಂಟಿಗಳನ್ನು ಸಂಕೇತದ ಪ್ರಕಾರ ಗುಂಪು ಮಾಡಿ, ರೋಗಿಗಳನ್ನು ಬೇರೆ, ಜನರನ್ನು ಬೇರೆ ಕೂಡಿ, ಆಮೇಲೆ ಭಾಗಿಸಬೇಕು. ಕೌಂಟಿ ದರಗಳ ಸರಾಸರಿ ತೆಗೆಯುವುದು ಇದರಲ್ಲಿ ಅತಿ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ 2020ರ ಗಣತಿಯಲ್ಲಿ 64 ಜನರಿದ್ದ ಟೆಕ್ಸಸ್‌ನ ಲವಿಂಗ್ ಕೌಂಟಿಗೂ ಒಂದು ಕೋಟಿ ದಾಟಿದ ಲಾಸ್ ಏಂಜಲೀಸ್ ಕೌಂಟಿಗೂ ಒಂದೇ ಓಟು.

ಈಗ ವಿಳಾಸ. ಯುವಕರ ಲೆಕ್ಕ ಹಿರಿಯರ ಲೆಕ್ಕಕ್ಕಿಂತ ಹೆಚ್ಚು ಕೆಡುವುದು ಇಲ್ಲೇ. ನಿಯಮ ಸ್ಪಷ್ಟವಾಗಿದೆ: ರೋಗ ಪತ್ತೆಯಾದಾಗ ಎಲ್ಲಿ ವಾಸವಿದ್ದರೋ ಆ ಕೌಂಟಿ, ಕಾಲೇಜು ಹುಡುಗರಿಗೆ ಕಾಲೇಜಿನ ಊರು. ಗಣತಿಯೂ ಹಾಗೆಯೇ ಎಣಿಸುತ್ತದೆ. ಓಹಾಯೋದ ಅಥೆನ್ಸ್ ಕೌಂಟಿ ಮಹಾನಗರ ವಲಯದ ಹೊರಗಿನದು, ಆದರೆ ದೊಡ್ಡ ವಿಶ್ವವಿದ್ಯಾಲಯವಿದೆ. ಅದರ ಸಾವಿರಾರು ವಿದ್ಯಾರ್ಥಿಗಳು ಗೆರೆಯ ಕೆಳಗೆ ಬಂದು ಕೂರುತ್ತಾರೆ. ಇಂಥ ಊರಿನ 21ರ ಹುಡುಗನಿಗೆ ವೃಷಣದಲ್ಲಿ ಗಂಟು ಕಂಡಿತು ಅನ್ನಿ. 2010ರ ಆರೋಗ್ಯ ಕಾನೂನಿನ ಪ್ರಕಾರ 26 ತುಂಬುವವರೆಗೂ ಅಪ್ಪ-ಅಮ್ಮನ ವಿಮೆ ಸಿಗುತ್ತದೆ. ಅವನು ಮನೆಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ, ಕೌಂಟರಿನಲ್ಲಿ ಕೂತವರು ವಿಮೆ ಕಾರ್ಡಿನಲ್ಲಿದ್ದ ವಿಳಾಸವನ್ನೇ ಟೈಪ್ ಮಾಡುತ್ತಾರೆ. ರೋಗಿ ಹೋದದ್ದು ನಗರದ ಹೊರವಲಯದ ಕೌಂಟಿಗೆ, ಜನಸಂಖ್ಯೆ ಉಳಿದದ್ದು ಹಳ್ಳಿ ಕೌಂಟಿಯಲ್ಲಿ. ಒಂದು ದರ ಸುಳ್ಳೇ ಇಳಿಯಿತು, ಇನ್ನೊಂದು ಸುಳ್ಳೇ ಏರಿತು.

ಜೈಲುಗಳದ್ದೂ ಹೀಗೆಯೇ. ಕೊಲರಾಡೋದ ಕ್ರೌಲಿಯಂಥ ಸಣ್ಣ ಕೌಂಟಿಯಲ್ಲಿ ಕೈದಿಗಳೇ ಜನಸಂಖ್ಯೆಯ ದೊಡ್ಡ ಪಾಲು, ಅದೂ ಇದೇ ವಯಸ್ಸಿನ ಗಂಡಸರು. ಜೈಲಿರುವ ಕೌಂಟಿಗಳನ್ನು ಬಿಟ್ಟು ಒಮ್ಮೆ ಲೆಕ್ಕ ಓಡಿಸುವುದು ಒಳ್ಳೆಯದು. ಹಳ್ಳಿಗಳಲ್ಲಿ ಮನೆ ನಂಬರಿನ ಬದಲು ಅಂಚೆ ಪೆಟ್ಟಿಗೆಯ ನಂಬರೇ ವಿಳಾಸ. ಅಂಚೆ ಕಚೇರಿ ಪಕ್ಕದ ಕೌಂಟಿಯಲ್ಲಿದ್ದರೆ ರೋಗಿಯೂ ಅಲ್ಲಿಗೇ ಸೇರುತ್ತಾನೆ, ಏಕೆಂದರೆ ಪಿನ್‌ಕೋಡಿನಂಥ ಅವರ ಜಿಪ್ ಸಂಖ್ಯೆಗೆ ಕೌಂಟಿಯ ಗಡಿಯ ಹಂಗಿಲ್ಲ. ವೈಯೋಮಿಂಗ್‌ನವರು ಡೆನ್ವರಿಗೋ ಸಾಲ್ಟ್ ಲೇಕ್ ಸಿಟಿಗೋ ಹೋಗಿ ಚಿಕಿತ್ಸೆ ಪಡೆದರೆ ಆ ದಾಖಲೆ ರಾಜ್ಯದಿಂದ ರಾಜ್ಯಕ್ಕೆ ಬರಬೇಕು, ತಡವಾಗುತ್ತದೆ. ಕೊನೆಯ ವರ್ಷದ ಅಂಕಿ ಯಾವಾಗಲೂ ಸ್ವಲ್ಪ ಕೆಳಗಿರುವುದು ಇದೇ ಥರದ ತಡಗಳಿಂದ.

ರೋಗದ ಹೆಸರಿನಲ್ಲೂ ಎಚ್ಚರ ಬೇಕು. ಎಲ್ಲ ಕ್ಯಾನ್ಸರ್ ಕೂಡಿಸಿದ ಒಂದೇ ದರ ಯುವಕರಲ್ಲಿ ಏನನ್ನೂ ಹೇಳುವುದಿಲ್ಲ. ಗಂಡು-ಹೆಣ್ಣು ಬೇರೆ, ಅಂಗ ಬೇರೆ ಮಾಡಲೇಬೇಕು. ಕರುಳಿನದನ್ನೇ ತೆಗೆದುಕೊಳ್ಳಿ: ಅಪೆಂಡಿಕ್ಸಿನ ಕಾರ್ಸಿನಾಯ್ಡ್ ಎಂಬ ನಿಧಾನ ಬೆಳೆಯುವ ಗಡ್ಡೆಗಳು 2015ರಿಂದ ಕ್ಯಾನ್ಸರ್ ಎಂದೇ ದಾಖಲಾಗತೊಡಗಿದವು. ಅಪೆಂಡಿಕ್ಸ್ ತೆಗೆಸಿಕೊಳ್ಳುವವರಲ್ಲಿ ಎಳೆಯರೇ ಹೆಚ್ಚು, ಆದ್ದರಿಂದ ಇಪ್ಪತ್ತರ ಆಸುಪಾಸಿನಲ್ಲಿ ದಿಢೀರ್ ಏರಿಕೆ ಕಾಣುತ್ತದೆ. ಅಪೆಂಡಿಕ್ಸಿನ ಸಿ18.1 ಸಂಕೇತವನ್ನು ಹೊರಗಿಟ್ಟು, ಕರುಳಿನ ಸಾಮಾನ್ಯ ಬಗೆಯ ಕ್ಯಾನ್ಸರಾದ ಅಡಿನೊಕಾರ್ಸಿನೋಮ ಮಾತ್ರ ಎಣಿಸಿದರೂ ಏರಿಕೆ ಉಳಿಯುತ್ತದೆ, ಆದರೆ ಅದರ ಆಕಾರ ಬೇರೆ. 1950ರ ಸುಮಾರಿಗೆ ಹುಟ್ಟಿದವರಿಗಿಂತ 1990ರ ಸುಮಾರಿಗೆ ಹುಟ್ಟಿದವರಿಗೆ, ಅದೇ ವಯಸ್ಸಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎರಡು ಪಟ್ಟು, ಗುದನಾಳದ್ದು ನಾಲ್ಕು ಪಟ್ಟು ಎಂದು 2017ರಲ್ಲೇ ಲೆಕ್ಕ ಬಂದಿದೆ.

45ರಿಂದ 49ರ ಗುಂಪನ್ನು ಪ್ರತ್ಯೇಕ ಇಡುವುದಕ್ಕೆ ಇನ್ನೊಂದು ಕಾರಣವಿದೆ. ಕರುಳಿನ ತಪಾಸಣೆ ಶುರುಮಾಡುವ ವಯಸ್ಸನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ, ಸರ್ಕಾರ ನೇಮಿಸುವ ತಜ್ಞರ ಕಾರ್ಯಪಡೆ 2021ರ ಮೇ ತಿಂಗಳಲ್ಲಿ, 50ರಿಂದ 45ಕ್ಕೆ ಇಳಿಸಿದವು. ಹುಡುಕಲು ಹೊರಟಾಗ ಮೊದಲು ಏರುವುದು ದರವೇ. ಹಂತ ನೋಡಿ: ಒಂದೇ ಜಾಗದಲ್ಲಿರುವ ಆರಂಭದ ಗಡ್ಡೆಗಳು ಮಾತ್ರ ಏರಿದ್ದರೆ ತಪಾಸಣೆಯ ಫಲ, ಬೇರೆ ಅಂಗಕ್ಕೆ ಹಬ್ಬಿದವೂ ಏರಿದ್ದರೆ ರೋಗವೇ ಏರಿದೆ. ಕೊಲೊನೊಸ್ಕೋಪಿ ಮಾಡುವವರು ಹತ್ತಿರವಿಲ್ಲದ ಹಳ್ಳಿ ಕೌಂಟಿಯಲ್ಲಿ ಈ ತಪಾಸಣೆಯ ಉಬ್ಬು ತಡವಾಗಿ ಬರುತ್ತದೆ. ಆ ನಡುವಿನ ವರ್ಷಗಳಲ್ಲಿ ನಗರದ ದರ ಹೆಚ್ಚು ಕಂಡರೆ ಹಳ್ಳಿ ಕ್ಷೇಮವಾಗಿದೆ ಎಂದು ಓದಿಕೊಳ್ಳಬಾರದು. ಥೈರಾಯ್ಡಿನದೂ ಇದೇ ಕಥೆ, ಅಲ್ಟ್ರಾಸೌಂಡ್ ಎಲ್ಲಿ ಹೆಚ್ಚೋ ಅಲ್ಲಿ ಸಣ್ಣ ಗಂಟುಗಳೂ ಹೆಚ್ಚು. ಗರ್ಭಕೊರಳಿನದು ಮಾತ್ರ ಒಳ್ಳೆಯ ಸುದ್ದಿ: ಈ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧ 2006ರಲ್ಲಿ ಬಂದ ಎಚ್‌ಪಿವಿ ಲಸಿಕೆ ಪಡೆದ ಮೊದಲ ಪೀಳಿಗೆ 20ರಿಂದ 24ಕ್ಕೆ ಬಂದಾಗ, 2012ರಿಂದ 2019ರೊಳಗೆ ಆ ವಯಸ್ಸಿನವರ ದರ ಶೇಕಡ 65 ಇಳಿಯಿತು.

2020ನೇ ವರ್ಷವನ್ನು ಪ್ರವೃತ್ತಿ ರೇಖೆಯಿಂದ ಹೊರಗಿಡಬೇಕು. ಕೋವಿಡ್‌ನಿಂದ ತಪಾಸಣೆ ನಿಂತು ಕಂಡ ಕುಸಿತ ಅದು.

ದತ್ತಾಂಶದ ಮೂಲವನ್ನೂ ನೋಡಿಕೊಳ್ಳಿ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ 1973ರಿಂದ ನಡೆಯುತ್ತಿರುವ ಸೀರ್ (SEER) ನೋಂದಣಿಗಳು ಹಳೆಯವು, ಗುಣಮಟ್ಟವೂ ಚೆನ್ನ, ಆದರೆ ಇಡೀ ದೇಶವನ್ನು ಮುಟ್ಟುವುದಿಲ್ಲ. ಅದರ ‘ಹಳ್ಳಿ’ಯಲ್ಲಿ ಕೆಂಟಕಿ, ಅಯೋವಾದಂಥ ಕೆಲವು ರಾಜ್ಯಗಳದೇ ದೊಡ್ಡ ಪಾಲು. ಕೆಂಟಕಿಯ ಪೂರ್ವಭಾಗ ಅಪ್ಪಲೇಚಿಯ ಬೆಟ್ಟಗಳ ಪ್ರದೇಶ, ಹೊಗೆಸೊಪ್ಪಿನ ಸೀಮೆ. ಅದರ ಅಂಕಿಯನ್ನು ಮೊಂಟಾನಾದ ಹಳ್ಳಿಗೆ ಅಂಟಿಸಲಾಗದು. ಇಡೀ ದೇಶದ ಹೋಲಿಕೆಗೆ 2001ರಿಂದ ಸಿಗುವ, ರಾಷ್ಟ್ರೀಯ ನೋಂದಣಿ ಕಾರ್ಯಕ್ರಮವನ್ನೂ ಸೀರ್ ಅನ್ನೂ ಕೂಡಿಸಿದ ಕಡತವೇ ಸರಿ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಹಳ್ಳಿ-ನಗರದ ಅಂತರ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. 2009ರಿಂದ 2013ರವರೆಗಿನ, ಎಲ್ಲ ವಯಸ್ಸೂ ಸೇರಿದ ರಾಷ್ಟ್ರೀಯ ಅಂಕಿಗಳಲ್ಲಿ ಹಳ್ಳಿ ಕೌಂಟಿಗಳ ಹೊಸ ಪ್ರಕರಣಗಳು ಲಕ್ಷಕ್ಕೆ 442, ಮಹಾನಗರದಲ್ಲಿ 457. 2011ರಿಂದ 2015ರವರೆಗಿನ ಸಾವು ನೋಡಿದರೆ ತಿರುವುಮುರುವು: ಹಳ್ಳಿ 180, ಮಹಾನಗರ 158. ಶ್ವಾಸಕೋಶ, ಕರುಳು, ಗರ್ಭಕೊರಳು ಹಳ್ಳಿಯಲ್ಲಿ ಹೆಚ್ಚು. ನಮ್ಮ ಕೋಷ್ಟಕಕ್ಕೂ ಪಕ್ಕದಲ್ಲಿ ಸಾವಿನ ಕಲಮು ಹಾಕಿದ್ದೇವೆ. ಅದಿಲ್ಲದೆ ಹೊಸ ಪ್ರಕರಣಗಳ ದರವನ್ನಷ್ಟೇ ಕೊಡುವುದು ಅರ್ಧ ಲೆಕ್ಕ.

ಕೌಂಟಿಗಳ ಗುರುತಿನ ಸಂಖ್ಯೆಗಳ (1ರಿಂದ 9ರ ಸಂಕೇತವಲ್ಲ, ಪ್ರತಿ ಕೌಂಟಿಗೂ ಇರುವ ಐದಂಕಿಯ ಸಂಖ್ಯೆ) ಹೊಂದಿಕೆ ಸಂಜೆಗೆ ಬಹುತೇಕ ಮುಗಿಯಿತು. ದಕ್ಷಿಣ ಡಕೋಟಾದ ಶ್ಯಾನನ್ 2015ರಲ್ಲಿ ಓಗ್ಲಾಲಾ ಲಕೋಟಾ ಆಗಿ 46113 ಹೋಗಿ 46102 ಬಂದಿದೆ. ವರ್ಜಿನಿಯಾದ ಬೆಡ್‌ಫೋರ್ಡ್ ನಗರ 2013ರಲ್ಲಿ ಅದೇ ಹೆಸರಿನ ಕೌಂಟಿಯೊಳಗೆ ಸೇರಿದೆ. ಕೊಲರಾಡೋದ ಬ್ರೂಮ್‌ಫೀಲ್ಡ್ 2001ಕ್ಕೆ ಮುಂಚೆ ಇರಲೇ ಇಲ್ಲ. ಒಂದನ್ನು ಮರೆತರೂ ರೋಗಿಗಳಿದ್ದು ಜನರಿಲ್ಲದ ಕೌಂಟಿ ಹುಟ್ಟಿ, ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ನಿಲ್ಲುತ್ತದೆ. ನಿಂತರೆ ಪುಣ್ಯ, ನಿಲ್ಲದೆ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋದರೆ ಕಷ್ಟ. ಗುಂಪಿನ ಒಟ್ಟು ರೋಗಿಗಳು ಮೂಲ ಕಡತದ ಒಟ್ಟಿಗೆ ತಾಳೆಯಾಗುತ್ತದಾ ಅಂತ ಪ್ರತಿ ಬಾರಿ ನೋಡುವುದು ಅದಕ್ಕೇ.

ನಾಳೆಗೆ ಉಳಿದದ್ದು ಕನೆಕ್ಟಿಕಟ್. 1935ರಿಂದ ರೋಗಿಗಳ ದಾಖಲೆ ಇಟ್ಟುಕೊಂಡಿರುವ, ದೇಶದಲ್ಲೇ ಹಳೆಯ ರಾಜ್ಯ ನೋಂದಣಿ ಅದರದು. ಜನಗಣತಿ ಕಚೇರಿ 2022ರಿಂದ ಅಲ್ಲಿನ 8 ಕೌಂಟಿಗಳನ್ನು ಬಿಟ್ಟು 9 ಯೋಜನಾ ವಲಯಗಳನ್ನು ಹಿಡಿದಿದೆ. ಹಳೆಯ ರೋಗಿಗಳು ಒಂದು ಗಡಿಯೊಳಗೆ, ಹೊಸ ಜನಸಂಖ್ಯೆ ಇನ್ನೊಂದರೊಳಗೆ. ಎರಡಕ್ಕೂ ಹೊಂದುವುದು ಅದರ 169 ಟೌನುಗಳು ಮಾತ್ರ. ಆ ಪಟ್ಟಿ ತೆರೆದಿಟ್ಟಾಗಿದೆ.