ಚೀಲದಲ್ಲಿ ನಾಲ್ಕಿದ್ದವು

ದಾವಣಗೆರೆ
27 ಸೆಪ್ಟೆಂಬರ್ 2025, ಶನಿವಾರ, ರಾತ್ರಿ 10.40

ಬೆಳಿಗ್ಗೆ ಆರೂವರೆಗೆ ಎದ್ದು ಗಡಿಯಾರ ನೋಡುತ್ತಾ ಕುಳಿತಿದ್ದೆ. ಸ್ಯಾನ್ ಡಿಯಾಗೋದಲ್ಲಿ ಆಗ ಶುಕ್ರವಾರ ಸಂಜೆ ಆರು. ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಕ್ಕೆ ಲಾಬ್‌ಸ್ಟರ್ ಎಂಬ ದೊಡ್ಡ ಸೀಗಡಿಯಂಥ ಕಡಲ ಪ್ರಾಣಿಯನ್ನು ಹಿಡಿಯುವವರಿಗೆ ಈ ವರ್ಷದ ಬಾಗಿಲು ತೆರೆಯುವ ಹೊತ್ತು. ಅಕ್ಟೋಬರ್‌ನ ಮೊದಲ ಬುಧವಾರಕ್ಕೆ ಹಿಂದಿನ ಶುಕ್ರವಾರ, ಸಂಜೆ ಆರು ಗಂಟೆ ಎಂದು ಅಲ್ಲಿಯ ನಿಯಮ. ನಮ್ಮ ಜೋಯಿಸರೂ ಮುಹೂರ್ತವನ್ನು ಇಷ್ಟು ಸುತ್ತಿ ಹೇಳುವುದಿಲ್ಲ. ಎಂಟೂವರೆಗೆ ಅಲ್ಲಿರುವ ತಮ್ಮನ ಸಂದೇಶ ಬಂತು: "ಇಳಿಯುತ್ತಿದ್ದೇವೆ. ಅಮ್ಮನಿಗೆ ಹೇಳಬೇಡ." ಆಮೇಲೆ ನಾನು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್.

ಅಮ್ಮನಿಗೆ ಗೊತ್ತಿರುವುದು ಇಷ್ಟೇ: ಮಗ ರಜೆಯ ದಿನ ಸಮುದ್ರದಲ್ಲಿ ಈಜುತ್ತಾನೆ. ಕತ್ತಲಲ್ಲಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಬಂಡೆಯ ಸಂದಿಗೆ ಕೈ ತೂರಿಸಿ, ಮೈತುಂಬ ಮುಳ್ಳಿರುವ ಪ್ರಾಣಿಯನ್ನು ಹಿಡಿಯುತ್ತಾನೆ ಎಂಬುದು ಗೊತ್ತಿಲ್ಲ. ಅದನ್ನು ಬೇಯಿಸಿ ತಿನ್ನುತ್ತಾನೆ ಎಂಬುದಂತೂ ಗೊತ್ತೇ ಇಲ್ಲ. ನೀರಿಗಿಳಿದದ್ದನ್ನು ಬೇಕಾದರೆ ಅಮ್ಮ ಕ್ಷಮಿಸಿಯಾರು. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆಯೂ ದಾಟಿಲ್ಲ.

ಅವನಿಗೆ ಈಜು ಕಲಿಸಿದ್ದು ಅಪ್ಪ, ಮಲೇಬೆನ್ನೂರಿನ ಕಡೆಯ ಅಜ್ಜನ ತೋಟದ ಬಾವಿಯಲ್ಲಿ. ಒಣಗಿದ ಕತ್ತಾಳೆ ಬೆಂಡನ್ನು ಸೊಂಟಕ್ಕೆ ಕಟ್ಟಿ, ಮೆಟ್ಟಿಲ ಮೇಲಿಂದ ದಬ್ಬುತ್ತಿದ್ದರು. ಮುಳುಗಿದರೆ ಬೆಂಡು ಎತ್ತಿಕೊಡುತ್ತಿತ್ತು. ಈಗ ಅವನು ಅದೇ ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿಕೊಳ್ಳುತ್ತಾನೆ. ಅಲ್ಲಿಯ ನೀರು ತಣ್ಣಗಿರುವುದರಿಂದ ದಪ್ಪ ರಬ್ಬರಿನ ಉಡುಪು ತೊಡಬೇಕು, ಆ ಉಡುಪು ತೇಲಿಸುತ್ತದೆ, ಆದ್ದರಿಂದ ಮುಳುಗಲು ಸೀಸ. ತೇಲುವುದಕ್ಕೆಂದು ಕಟ್ಟಿಸಿಕೊಂಡಿದ್ದ ಸೊಂಟ, ಅಪ್ಪಾ, ಈಗ ಮುಳುಗುವುದಕ್ಕೆ ಕಟ್ಟಿಕೊಳ್ಳುತ್ತಿದೆ.

ಹನ್ನೊಂದಕ್ಕೆ ಸಮೀಕ್ಷೆಯ ಮೇಡಂ ಬಂದರು. ಪ್ರಾಥಮಿಕ ಶಾಲೆಯ ಶಿಕ್ಷಕಿ, ದಸರಾ ರಜೆಯಲ್ಲಿ ಮನೆ ಮನೆ ತಿರುಗಿ ಅರವತ್ತು ಪ್ರಶ್ನೆ ಕೇಳಬೇಕು, ಪಾಪ. ಬಿಸಿಲಿಗೆ ಮುಖ ಕೆಂಪಾಗಿತ್ತು. ನನ್ನ ಹೆಂಡತಿ ಮಜ್ಜಿಗೆ ಕೊಟ್ಟಳು. ಮೇಡಂ ಮೊಬೈಲ್ ತೆರೆದು, "ಮನೆಯಲ್ಲಿ ಎಷ್ಟು ಜನ?" ಎಂದರು. ನಾನು "ನಾಲ್ಕು" ಎಂದೆ. ಒಳಗಿನಿಂದ ಅಮ್ಮ "ಐದು" ಎಂದರು. ಹೊಸ್ತಿಲಿಗೆ ಬಂದು ನಿಂತು, "ಸಣ್ಣವನನ್ನು ಯಾಕೆ ಬಿಟ್ಟೆ?" ಎಂದು ನನ್ನನ್ನೇ ಗದರಿದರು. ಮೇಡಂ ಪಾಪ ಇಬ್ಬರ ಮುಖವನ್ನೂ ನೋಡಿ ಕೇಳಿದರು: "ಅವರು ಈಗ ಎಲ್ಲಿದ್ದಾರೆ?"

ನೀರಿನಲ್ಲಿ ಎಂದು ಬಾಯಿಗೆ ಬಂದುಬಿಟ್ಟಿತ್ತು. ಅಮೆರಿಕದಲ್ಲಿ ಎಂದೆ. ಮೊಬೈಲನ್ನು ಲುಂಗಿಯ ಮೇಲೆ ಮಗುಚಿ ಇಟ್ಟುಕೊಂಡಿದ್ದೆ. ತಿರುಗಿಸಿ ನೋಡಿದೆ. ಒಂದೇ ಟಿಕ್. ಒಂದು ಸಿಲಿಂಡರ್ ಗಾಳಿ ಹೆಚ್ಚೆಂದರೆ ಒಂದು ಗಂಟೆ ಬರುತ್ತದೆ ಎಂದು ಅವನೇ ಹೇಳಿದ್ದ. ಎರಡೂವರೆ ಗಂಟೆಯಾಗಿತ್ತು. ಉಡುಪು ಬಿಚ್ಚಬೇಕು, ದಡದಿಂದ ಕಾರಿನ ತನಕ ನಡೆಯಬೇಕು, ಮೊಬೈಲ್ ಕಾರಿನಲ್ಲಿರುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದಾಗ ಮೇಡಂ ನನ್ನ ಉದ್ಯೋಗ ಕೇಳಿದರು.

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ. 22 ವರ್ಷಗಳಿಂದ ಬಾಯ್ಲ್‌ನ ನಿಯಮ ಹೇಳಿಕೊಡುತ್ತಿದ್ದೇನೆ. ಕೆರೆಯ ತಳದಿಂದ ಒಂದು ಗುಳ್ಳೆ ಮೇಲೇಳುತ್ತದೆ, ಮೇಲ್ಮೈಗೆ ಬಂದಾಗ ಅದರ ಗಾತ್ರ ಎಷ್ಟು? ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, ಆದ್ದರಿಂದ ಮೇಲೆ ಬಂದಾಗ ಗುಳ್ಳೆಯೂ ಎರಡರಷ್ಟು. ಏಕಮಾನ ಬರೆಯದ ಹುಡುಗರ ಅಂಕ ಕಡಿಯುತ್ತೇನೆ. ಆ ಗುಳ್ಳೆಯ ಜಾಗದಲ್ಲಿ ಶ್ವಾಸಕೋಶವನ್ನು ಇಟ್ಟು ಒಂದು ದಿನವೂ ಯೋಚಿಸಿರಲಿಲ್ಲ. ಕೆಳಗೆ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ, ಒಂದೆರಡು ಮೀಟರ್ ಸಾಕು, ಶ್ವಾಸಕೋಶ ಹರಿಯಬಹುದು. ಗಾಳಿ ರಕ್ತಕ್ಕೆ ನುಗ್ಗಿ ಮಿದುಳಿಗೆ ಹೋಗುತ್ತದೆ. ಬಾಯ್ಲ್ ಒಂದು ಹಾವನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಹೊರತೆಗೆದಾಗ ಅದರ ಕಣ್ಣಿನಲ್ಲಿ ಗುಳ್ಳೆಯೊಂದು ಓಡಾಡುವುದನ್ನು ಕಂಡಿದ್ದ. 1670ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಪಠ್ಯದಲ್ಲಿ ಆ ಹಾವು ಇಲ್ಲ.

ನೇತ್ರಾಣಿ ದ್ವೀಪಕ್ಕೆ ಇವನನ್ನು ಮೊದಲು ಕರೆದುಕೊಂಡು ಹೋದವನೇ ನಾನು. ಮುರುಡೇಶ್ವರದಿಂದ ದೋಣಿ. ಅವನು ಕೆಳಗೆ ಮೀನು ನೋಡುತ್ತಿದ್ದ, ನಾನು ಮೇಲೆ ದೋಣಿಯ ಅಂಚು ಹಿಡಿದು ವಾಂತಿ ಮಾಡುತ್ತಿದ್ದೆ. ಈ ಹುಚ್ಚಿನ ಮೂಲ ಹುಡುಕಿದರೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಫೋಟೊ ಬಂತು. ಸಿಮೆಂಟ್ ಕಟ್ಟೆಯ ಮೇಲೆ ನಾಲ್ಕು ಕೆಂಗಂದು ಪ್ರಾಣಿಗಳು, ಮೈಗಿಂತ ಉದ್ದದ ಮೀಸೆ. ಊಟಕ್ಕೆ ಕುಳಿತೆ. ಅನ್ನ ಚೆನ್ನಾಗಿ ಸೇರಿತು. ಎರಡು ಗಂಟೆ ನಿದ್ದೆಯನ್ನೂ ಮಾಡಿದೆ.

ರಾತ್ರಿ ಎಂಟೂವರೆಗೆ ಅವನೇ ಕರೆ ಮಾಡಿದ. ಅಮ್ಮ ದುಗ್ಗಮ್ಮನ ಗುಡಿಗೆ ಹೋದವರು ಇನ್ನೂ ಬಂದಿರಲಿಲ್ಲ. "ಅಮ್ಮ ಹತ್ತಿರ ಇಲ್ಲ ತಾನೇ?" ಎಂದು ಎರಡು ಸಲ ಕೇಳಿದ. ನಾನು ಮಹಡಿಗೆ ಹೋದೆ.

ಮೊದಲು ಉತ್ಸಾಹದಲ್ಲೇ ಹೇಳುತ್ತಿದ್ದ. ಬರಿಗೈಯಲ್ಲೇ ಹಿಡಿಯಬೇಕು, ಕೊಕ್ಕೆ, ಈಟಿ ಮುಟ್ಟುವಂತಿಲ್ಲ. ದಿನಕ್ಕೆ ಏಳಕ್ಕಿಂತ ಹೆಚ್ಚು ಕೂಡದು. ಮೀಸೆ ಹಿಡಿದರೆ ಮೀಸೆ ಮಾತ್ರ ಕೈಯಲ್ಲಿ ಉಳಿಯುತ್ತದೆ, ಬೆನ್ನನ್ನೇ ನೆಲಕ್ಕೆ ಅದುಮಬೇಕು. ತಪ್ಪಿದರೆ ಬಾಲ ಬಡಿದು ಹಿಮ್ಮುಖವಾಗಿ ಚಿಮ್ಮುತ್ತದೆ. ಕಣ್ಣಿನ ಕುಳಿಯಿಂದ ಬೆನ್ನ ಚಿಪ್ಪಿನ ಕೊನೆಯವರೆಗೆ ಮೂರೂಕಾಲು ಇಂಚು ಇರಲೇಬೇಕು, ಅಳೆಯಲು ಪಟ್ಟಿ ಜೊತೆಗಿರಬೇಕು, ಕಡಿಮೆಯಿದ್ದರೆ ಬಿಡಬೇಕು. ಎರಡನ್ನು ಬಿಟ್ಟನಂತೆ. ಅಳತೆಯ ವಿಷಯದಲ್ಲಿ ಇಷ್ಟು ನಿಯತ್ತಿನ ಮನುಷ್ಯ ಇವನು.

ಆಮೇಲೆ ದನಿ ಇಳಿಯಿತು. ಐದನೆಯದು ದೊಡ್ಡದಿತ್ತಂತೆ, ಆಳವಾದ ಸಂದಿಯಲ್ಲಿ. ಭುಜದವರೆಗೆ ಕೈ ಹಾಕಿ ಮಲಗಿಬಿಟ್ಟಿದ್ದಾನೆ. ಒಳಗೆ ಅದರ ಪಕ್ಕದಲ್ಲೇ ಹಾವುಮೀನೊಂದು ಬಾಯಿ ತೆರೆದುಕೊಂಡಿತ್ತು. ಅದನ್ನು ನೋಡುವುದೋ ಇದನ್ನು ಹಿಡಿಯುವುದೋ ಎಂಬ ಹೊಯ್ದಾಟದಲ್ಲಿ ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ನೋಡಲು ಮರೆತ. ಚದರ ಇಂಚಿಗೆ 3,000 ಪೌಂಡ್‌ನಿಂದ ಹೊರಟ ಮುಳ್ಳು 500 ಇರುವಾಗಲೇ ಮೇಲೆ ಬಂದಿರಬೇಕು. ಇವನು ನೋಡಿದಾಗ 300. ಸುತ್ತ ತಿರುಗಿದರೆ ಜೊತೆಗಾರನ ದೀಪ ಕಾಣಲಿಲ್ಲ. ಮೇಲೇಳುವಾಗ ಕೆಲ್ಪ್ ಎಂಬ ಕಡಲ ಪಾಚಿ, ಅಲ್ಲಿ ತೆಂಗಿನ ಮರದಷ್ಟು ಎತ್ತರ ಬೆಳೆಯುತ್ತದಂತೆ, ಸಿಲಿಂಡರಿನ ಕುತ್ತಿಗೆಗೆ ಸುತ್ತಿಕೊಂಡಿತು.

"ಉಸಿರು ಕಟ್ಟಿದ್ದೆಯಾ?"

"ಇಲ್ಲ. ಬಿಡುತ್ತಲೇ ಬಂದೆ. ನೀನು ಹೇಳಿದ ಗುಳ್ಳೆ ನೆನಪಾಯಿತು."

"ಸೀಸ ಬಿಚ್ಚಿ ಎಸೆದೆಯಾ?"

ಸುಮ್ಮನಿದ್ದ.

"ಸೊಂಟದ ಸೀಸ ಕಣೋ."

"ಅದು ನೆನಪಾಗಲಿಲ್ಲ."

"ಕೈಯಲ್ಲಿದ್ದ ಚೀಲ?"

"ಹಿಡಿದುಕೊಂಡೇ ಇದ್ದೆ. ಅಣ್ಣಾ, ಅದರಲ್ಲಿ ನಾಲ್ಕಿದ್ದವು."

ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಚೀಲ. ಬಳ್ಳಿಯನ್ನು ಬಿಡಿಸಲು ಮೂರನೆಯ ಕೈ ಎಲ್ಲಿಂದ ಬರಬೇಕು? ಹೇಗೋ ಹೊರಳಿ ಬಿಡಿಸಿಕೊಂಡನಂತೆ. ಮೇಲೆ ತಲೆ ಎತ್ತಿದರೆ ಬಳೆಯಂಥ ಬಲೆಗಳನ್ನು ಇಳಿಬಿಟ್ಟ ದೋಣಿಯೊಂದು ಹತ್ತಿರದಲ್ಲೇ ಹಾದುಹೋಗುತ್ತಿತ್ತು. ದೀಪ ಎತ್ತಿ ಹಿಡಿದ. "ಅವರು ನೋಡಿದರು," ಎಂದ. ನೋಡದಿದ್ದರೆ ಎಂದು ನಾನು ಕೇಳಲಿಲ್ಲ.

ನೀರಿನಲ್ಲಿ ಸತ್ತ ಎಷ್ಟೋ ಮುಳುಗುಗಾರರ ಸೊಂಟದಲ್ಲಿ ಸೀಸ ಕಟ್ಟಿದ ಹಾಗೆಯೇ ಇರುತ್ತದೆ ಎಂದು ಹೋದ ವರ್ಷ ಎಲ್ಲೋ ಓದಿದ್ದೆ. ಒಂದು ಕೊಂಡಿ ಎಳೆದರೆ ಬಿದ್ದುಹೋಗುವಂಥದ್ದು. ಆಗ ನಂಬಿರಲಿಲ್ಲ, ಅಷ್ಟು ಬುದ್ಧಿ ಇಲ್ಲದವರು ಇರುತ್ತಾರೆಯೇ ಎಂದುಕೊಂಡಿದ್ದೆ. ಇಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕ ಇವನದು.

ಕೂಗಾಡಿದೆ. ಕೆಳಗಿನ ಮನೆಯವರು ದೀಪ ಹಾಕಿದರು. ಅಪ್ಪ 51ಕ್ಕೆ ಎದೆ ಹಿಡಿದುಕೊಂಡು ಹೋದರು, ನಿನಗೆ ಈಗ 46, ಬಿಪಿ ಮಾತ್ರೆ ಬೇರೆ, ಕಲಿಯಲು ಸೇರಿದಾಗ ಆ ಫಾರಂನಲ್ಲಿ ಏನು ತುಂಬಿದೆ ಎಂದೆ. ನಲವತ್ತೈದು ದಾಟಿದವರಿಗೆ ಮನೆತನದಲ್ಲಿ ಹೃದಯಾಘಾತವಾಗಿದೆಯೇ ಎಂದು ಬೇರೆಯೇ ಪ್ರಶ್ನೆ ಇರುತ್ತದೆ. "ಆಗ ನನಗೆ ನಲವತ್ತೈದು ಆಗಿರಲಿಲ್ಲ," ಎಂದ. ಲೆಕ್ಕ ಸರಿ. ಇವನಿಗೆ ಅಂಕ ಕಡಿಯಲು ಎಲ್ಲಿಯೂ ಜಾಗ ಸಿಗುವುದಿಲ್ಲ.

ಅಷ್ಟರಲ್ಲಿ ಅಮ್ಮ ಬಂದರು. ಹಣೆಯ ತುಂಬ ಕುಂಕುಮ. ಮೊಬೈಲ್ ಕಸಿದುಕೊಂಡು, "ಊಟ ಆಯಿತೇನೋ?" ಎಂದರು. ಅಲ್ಲಿ ಇನ್ನೂ ಬೆಳಿಗ್ಗೆ ಎಂದು ಇಪ್ಪತ್ತು ವರ್ಷ ಹೇಳಿದರೂ ತಲೆಗೆ ಹೋಗಿಲ್ಲ. "ಏನು ಅಡುಗೆ?" ಎಂದರು. ಅವನು ಅದೇನೋ ಹೇಳಿದ. ಅಮ್ಮ ನಕ್ಕರು. "ಸಮೀಕ್ಷೆಯವರು ಬಂದಿದ್ದರು, ನಿನ್ನನ್ನೂ ಬರೆಸಿದ್ದೇನೆ," ಎಂದರು. ಮೇಡಂ ಬರೆದುಕೊಂಡರೋ ಇಲ್ಲವೋ, ನಾನು ನೋಡಲಿಲ್ಲ.

ಹಿಡಿಯುವ ಅವಧಿ ಮುಂದಿನ ವರ್ಷ ಮಾರ್ಚ್ 18ರವರೆಗೆ ಇದೆ. ಕ್ಯಾಲೆಂಡರ್ ತಿರುವಿ ಎಣಿಸಿದೆ, ಇನ್ನೂ 24 ಶನಿವಾರಗಳು. ಮುಂದಿನ ವಾರ ಮತ್ತೆ ಅದೇ ಜಾಗಕ್ಕೆ ಹೋಗುತ್ತಾನಂತೆ, ಆ ಐದನೆಯದು ಅಲ್ಲೇ ಇರುತ್ತದಂತೆ. ಸೀಸದ ಕೊಂಡಿಯನ್ನು ಕಣ್ಣು ಮುಚ್ಚಿ ಹತ್ತು ಸಲ ಎಳೆದು ಅಭ್ಯಾಸ ಮಾಡು, ಮನೆಯಲ್ಲೇ ನಿಂತು ಮಾಡು, ವಿಡಿಯೊ ಕಳಿಸು ಎಂದು ಬರೆದಿದ್ದೇನೆ. ಎರಡು ಟಿಕ್ ಬಿದ್ದು ಅರ್ಧ ಗಂಟೆಯಾಯಿತು, ಇನ್ನೂ ಉತ್ತರ ಬಂದಿಲ್ಲ.